ಮ್ಯಾನಟಿಯ ಬಸಿರು, ಬಾಣಂತನ ಮತ್ತು ಬಿಸಿನೀರು

(ಆರ್ಲ್ಯಾಂಡೊದ ಕನ್ನಡ ಬಳಗವೊಂದರ ಚಳಿಗಾಲದ ಕೂಟದಲ್ಲಿ ಆಡಿದ ಮಾತುಗಳ ಬರಹ ರೂಪ. ಸಭಿಕರು ನಡುನಡುವೆ ಕೇಳಿದ ಪ್ರಶ್ನೆಗಳನ್ನು ಅಲ್ಲಲ್ಲೇ ಉಳಿಸಿಕೊಂಡಿದ್ದೇನೆ.)

ಹಿರಿಯರಿಗೆ ನಮಸ್ಕಾರ, ಹಿಂದಿನ ಸಾಲಿನಲ್ಲಿ ಗಲಾಟೆ ಮಾಡುತ್ತಿರುವ ಮಕ್ಕಳಿಗೂ ನಮಸ್ಕಾರ.

ಊರಿನಿಂದ ಅಪ್ಪ ಅಮ್ಮ ಬಂದರೆ ಫ್ಲಾರಿಡಾದಲ್ಲಿ ನಾವು ತೋರಿಸುವ ಜಾಗಗಳ ಪಟ್ಟಿ ಹೆಚ್ಚುಕಡಿಮೆ ಒಂದೇ. ಡಿಸ್ನಿ, ರಾಕೆಟ್ ಹಾರಿಸುವ ಕೇಪ್ ಕೆನವೆರಲ್, ಒಂದು ದೇವಸ್ಥಾನ, ಒಂದು ಬೀಚು. ಅವರು ಬಂದದ್ದು ಡಿಸೆಂಬರ್, ಜನವರಿಯಲ್ಲಾದರೆ ಆರೆಂಜ್ ಸಿಟಿಯ ಬ್ಲೂ ಸ್ಪ್ರಿಂಗ್ ಪಾರ್ಕ್ ಕೂಡ. ಅಲ್ಲಿನ ಮರದ ಅಟ್ಟಣೆಯ ಮೇಲೆ ನಿಂತು ಬಗ್ಗಿ ನೋಡಿದರೆ ತಳ ಕಾಣುವ ತಿಳಿನೀರಿನಲ್ಲಿ ಬೂದು ಬಣ್ಣದ ಭಾರೀ ಪ್ರಾಣಿಗಳು ಸಾಲುಸಾಲಾಗಿ ಮಲಗಿರುತ್ತವೆ. 2024ರ ಜನವರಿಯಲ್ಲಿ ಒಂದೇ ದಿನ 900ಕ್ಕೂ ಹೆಚ್ಚು ಮ್ಯಾನಟಿಗಳನ್ನು ಅಲ್ಲಿ ಎಣಿಸಿದ್ದರು. ನೋಡಲು ಬಂದವರು ಮೊದಲು ಕೇಳುವುದು, "ಯಾಕೆ ಇವೆಲ್ಲ ಇಲ್ಲೇ ಬಂದು ಬಿದ್ದುಕೊಂಡಿವೆ?" ಎಂದು. ಸ್ವಲ್ಪ ಹೊತ್ತಾದ ಮೇಲೆ ದೊಡ್ಡದೊಂದರ ಮಗ್ಗುಲಿಗೆ ಅಂಟಿಕೊಂಡ ಚಿಕ್ಕದನ್ನು ಕಂಡು, "ಅದು ಮರಿಯಾ?" ಎನ್ನುತ್ತಾರೆ.

ಎರಡೂ ಪ್ರಶ್ನೆಗಳಿಗೆ ಉತ್ತರ ಒಂದೇ ಕಡೆ ಇದೆ. ಆ ಮರಿ ಇವತ್ತು ಅಲ್ಲಿರುವುದು ಅದರ ತಾಯಿ ಕರೆದುಕೊಂಡು ಬಂದದ್ದರಿಂದ. ಆ ತಾಯಿ ಅಲ್ಲಿರುವುದೂ ಬಹುಮಟ್ಟಿಗೆ ಅದರ ತಾಯಿ ಒಂದು ಕಾಲಕ್ಕೆ ಕರೆದುಕೊಂಡು ಬಂದದ್ದರಿಂದಲೇ. ಮ್ಯಾನಟಿ ಮರಿಗೆ ತಾಯಿಯಿಂದ ಸಿಗುವ ಆಸ್ತಿ ಎರಡು, ಹಾಲು ಮತ್ತು ದಾರಿ. ಹಾಲನ್ನು ನಾವು ಬಾಟಲಿಯಲ್ಲಿ ಕೊಡಬಹುದು. ದಾರಿಯನ್ನು ಕೊಡುವುದು ಕಷ್ಟ. ಇವತ್ತಿನ ನನ್ನ ಮಾತೆಲ್ಲ ಇದರ ಸುತ್ತಲೇ.

ಮೊದಲು ಪ್ರಾಣಿಯ ಪರಿಚಯ, ಬೇಗ ಮುಗಿಸುತ್ತೇನೆ. ಮ್ಯಾನಟಿ ಮೀನಲ್ಲ, ತಿಮಿಂಗಿಲದ ಬಳಗವೂ ಅಲ್ಲ. ಡುಗಾಂಗ್ ಎಂಬ ಕಡಲಿನ ದಾಯಾದಿಯನ್ನು ಬಿಟ್ಟರೆ, ಬದುಕಿರುವ ಪ್ರಾಣಿಗಳಲ್ಲಿ ಅದಕ್ಕೆ ಹತ್ತಿರದ ನಂಟು ಆನೆ. ಇವುಗಳಲ್ಲಿ ಮೂರು ಜಾತಿ: ಕೆರೀಬಿಯನ್ ಸುತ್ತಮುತ್ತಲಿನದು, ಅಮೆಜಾನ್ ನದಿಯದು, ಪಶ್ಚಿಮ ಆಫ್ರಿಕಾದ್ದು. ನಮ್ಮ ಫ್ಲಾರಿಡಾದ್ದು ಮೊದಲನೆಯದರ ಒಂದು ಉಪಜಾತಿ. ಬೆಳೆದದ್ದು ಸುಮಾರು 3 ಮೀಟರ್ ಉದ್ದ, 450ರಿಂದ 550 ಕಿಲೋ ತೂಕ. ಹೆಣ್ಣು ಸಾಮಾನ್ಯವಾಗಿ ಗಂಡಿಗಿಂತ ದೊಡ್ಡದು. ತಿನ್ನುವುದು ನೀರೊಳಗಿನ ಹುಲ್ಲು ಮತ್ತು ಸೊಪ್ಪು ಮಾತ್ರ. ಈಜುರೆಕ್ಕೆಯ ತುದಿಯಲ್ಲಿ ಉಗುರುಗಳಿವೆ. ಹತ್ತಿರದಿಂದ ನೋಡಿದರೆ ಆನೆಯ ಕಾಲುಗುರು ನೆನಪಾಗದೇ ಇರದು.

ಆನೆಯ ನಂಟು ಹೊರಗೆ ಕಾಣುವುದಕ್ಕಿಂತ ಸಂತಾನದ ಅಂಗಗಳಲ್ಲಿ ಹೆಚ್ಚು ಎದ್ದು ಕಾಣುತ್ತದೆ. ಹಸು, ಎಮ್ಮೆ, ಮೇಕೆಗೆ ಕೆಚ್ಚಲು ಹಿಂಗಾಲುಗಳ ನಡುವೆ. ಆನೆಗೆ ಮೊಲೆ ಇರುವುದು ಮುಂಗಾಲುಗಳ ನಡುವೆ, ಎದೆಯ ಮೇಲೆ. ಮ್ಯಾನಟಿಗೆ ಅದು ಇನ್ನೂ ಪಕ್ಕಕ್ಕೆ ಸರಿದು ಈಜುರೆಕ್ಕೆಯ ಬುಡದಲ್ಲಿ, ಅಂದರೆ ಕಂಕುಳಲ್ಲಿದೆ. ಒಂದೊಂದು ಕಂಕುಳಿಗೆ ಒಂದೊಂದು ತೊಟ್ಟು. ಗರ್ಭದಲ್ಲಿ ಮರಿಯನ್ನು ಸುತ್ತುವ ಮಾಸು ಎರಡರಲ್ಲೂ ಪಟ್ಟಿಯಾಕಾರದ್ದು. ಗಂಡಿನ ವೃಷಣಗಳು ಎರಡರಲ್ಲೂ ಹೊಟ್ಟೆಯೊಳಗೇ ಇರುತ್ತವೆ. ದೇಹದ ಒಳಗಿನ ಕಾವು ವೀರ್ಯಕ್ಕೆ ಒಗ್ಗುವುದಿಲ್ಲವಲ್ಲ, ಅದಕ್ಕೆ ಮ್ಯಾನಟಿಯ ಮೈಯಲ್ಲೊಂದು ಏರ್ಪಾಡಿದೆ. ಚರ್ಮದ ಬಳಿ ಹರಿದು ತಣ್ಣಗಾದ ರಕ್ತ ನಾಳಗಳ ಒಂದು ಜಾಲದ ಮೂಲಕ ವೃಷಣದ ಪಕ್ಕಕ್ಕೆ ಬಂದು, ಅಲ್ಲಿಗೆ ಹೋಗುವ ಬೆಚ್ಚಗಿನ ರಕ್ತವನ್ನು ಆರಿಸುತ್ತದೆ.

ಇನ್ನು ಕೂಡುವ ವಿಷಯ. ಮಕ್ಕಳಿದ್ದಾರೆ, ಆದರೂ ಹೇಳಿಬಿಡುತ್ತೇನೆ. ಸರಸೋಟಾ ಕಡೆಯ ಬೀಚುಗಳಲ್ಲಿ ಬೇಸಿಗೆಯಲ್ಲಿ ಇದು ಹಾಡಹಗಲೇ ನಡೆಯುತ್ತದೆ, ಅವರೇ ನೋಡಿರುತ್ತಾರೆ.

ಮ್ಯಾನಟಿಗಳಲ್ಲಿ ಜೋಡಿ ಎಂಬುದಿಲ್ಲ. ಹೆಣ್ಣು ಬೆದೆಗೆ ಬಂದಾಗ ಸುತ್ತಲಿನ ಗಂಡುಗಳಿಗೆ ಅದು ಹೇಗೋ ತಿಳಿಯುತ್ತದೆ, ಒಂದೊಂದಾಗಿ ಬೆನ್ನು ಹತ್ತುತ್ತವೆ. ಹತ್ತು, ಹದಿನೈದು, ಕೆಲವೊಮ್ಮೆ ಇಪ್ಪತ್ತರವರೆಗೂ. ಇದು ಒಂದು ದಿನದ ಮಾತಲ್ಲ. ಎರಡು ಮೂರು ವಾರ, ಕೆಲವೊಮ್ಮೆ ಒಂದು ತಿಂಗಳವರೆಗೂ ಆ ಗುಂಪು ಹೆಣ್ಣಿನ ಹಿಂದೆಯೇ ಇರುತ್ತದೆ. ಗಂಡುಗಳು ಒಂದನ್ನೊಂದು ಕಚ್ಚಿ ಕೊಲ್ಲುವುದಿಲ್ಲ, ಕೊಂಬೂ ಇಲ್ಲ, ಕೋರೆಯೂ ಇಲ್ಲ. ಇರುವುದು ಮೈತೂಕ ಒಂದೇ. ತಳ್ಳಾಟ, ಉರುಳಾಟ, ಒಂದರ ಕೆಳಗೆ ಒಂದು ನುಸುಳುವುದು. ಕ್ರಿಸ್ಟಲ್ ರಿವರ್‌ನಲ್ಲಿ 1960ರ ದಶಕದ ಕೊನೆಯಲ್ಲಿ ನೀರಿಗಿಳಿದು ಇವುಗಳ ನಡವಳಿಕೆಯನ್ನು ಮೊದಲ ಬಾರಿಗೆ ವಿವರವಾಗಿ ಬರೆದಿಟ್ಟ ಡೇನಿಯಲ್ ಹಾರ್ಟ್‌ಮನ್ ಈ ಗುಂಪುಗಳ ಬಗ್ಗೆ ಪುಟಗಟ್ಟಲೆ ಟಿಪ್ಪಣಿ ಮಾಡಿದ್ದಾರೆ.

ಹೆಣ್ಣಿಗೆ ಬೇಡವೆನಿಸಿದರೆ ಅದು ಮಾಡುವ ಉಪಾಯ ನನಗೆ ಬಹಳ ಇಷ್ಟ. ಸೀದಾ ದಡದ ಕಡೆ ಹೋಗಿ ಮೊಣಕಾಲುದ್ದದ ನೀರಿನಲ್ಲಿ ಹೊಟ್ಟೆಯನ್ನು ಮರಳಿಗೆ ಒತ್ತಿ ಮಲಗಿಬಿಡುತ್ತದೆ. ಕೂಡುವುದಕ್ಕೆ ಗಂಡು ಕೆಳಗಿನಿಂದ ಬರಬೇಕು, ಅದಕ್ಕೆ ಜಾಗವೇ ಇಲ್ಲದಂತೆ ಮಾಡುವುದು ಅದರ ಲೆಕ್ಕ. ಗಂಡುಗಳು ಸುತ್ತಲೂ ನೀರು ಎರಚಾಡುತ್ತ ಕಾಯುತ್ತವೆ. ದಡದಲ್ಲಿ ನಿಂತ ಜನ ಏನೋ ಅಪಾಯಕ್ಕೆ ಸಿಕ್ಕಿಬಿದ್ದಿದೆ ಎಂದುಕೊಂಡು ಇಳಿದು ನೀರಿಗೆ ತಳ್ಳಲು ಹೋಗುತ್ತಾರೆ. ಫ್ಲಾರಿಡಾದ ವನ್ಯಜೀವಿ ಇಲಾಖೆ ಪ್ರತಿ ವರ್ಷ ಹೇಳುತ್ತದೆ, ಹತ್ತಿರ ಹೋಗಬೇಡಿ, ಮುಟ್ಟಬೇಡಿ ಎಂದು. ಅರ್ಧ ಟನ್ ತೂಕದ ಹತ್ತು ಪ್ರಾಣಿಗಳು ಹೊರಳಾಡುವ ಕಡೆ ಮನುಷ್ಯ ಕಾಲಿಟ್ಟರೆ ಮುರಿಯುವುದು ಮನುಷ್ಯನ ಮೂಳೆಯೇ.

ಕೊನೆಗೆ ಹೆಣ್ಣು ಒಂದಕ್ಕಿಂತ ಹೆಚ್ಚು ಗಂಡುಗಳೊಂದಿಗೆ ಕೂಡುವುದುಂಟು. ಅಲ್ಲಿಗೆ ಗಂಡಿನ ಪಾತ್ರ ಮುಗಿಯಿತು. ಅಪ್ಪ ಯಾರೆಂದು ಮರಿಗೂ ಗೊತ್ತಿಲ್ಲ, ಅಪ್ಪನಿಗೂ ಗೊತ್ತಿಲ್ಲ.

"ಎಷ್ಟು ತಿಂಗಳಿಗೆ ಈಯುತ್ತೆ?" ಮುಂದಿನ ಸಾಲಿನಿಂದ ಅಮ್ಮ ಒಬ್ಬರು ಕೇಳಿದರು. ದನ ಸಾಕಿದ ಮನೆಯವರು ಕೇಳುವ ಪ್ರಶ್ನೆ ಅದು. ಹನ್ನೆರಡರಿಂದ ಹದಿಮೂರು ತಿಂಗಳು. ಹಸುವಿಗಿಂತ ಮೂರು ತಿಂಗಳು ಜಾಸ್ತಿ, ಆನೆಗಿಂತ ಬಹಳ ಕಡಿಮೆ. ವರ್ಷದ ಯಾವ ಕಾಲದಲ್ಲೂ ಮರಿ ಹುಟ್ಟಬಹುದು, ಆದರೆ ಫ್ಲಾರಿಡಾದಲ್ಲಿ ಹೆಚ್ಚಿನವು ಹುಟ್ಟುವುದು ವಸಂತದಿಂದ ಬೇಸಿಗೆಯ ತನಕ. ಅದಕ್ಕೆ ಕಾರಣವಿದೆ. ಆಗ ಹುಟ್ಟಿದ ಮರಿಗೆ ಮೊದಲ ಚಳಿಗಾಲ ಬರುವ ಮುಂಚೆ ಮೈ ತುಂಬಿಕೊಳ್ಳಲು ಕೆಲವು ತಿಂಗಳು ಸಿಗುತ್ತದೆ. ಒಂದು ಸಲಕ್ಕೆ ಒಂದೇ ಮರಿ. ಅವಳಿ ಹುಟ್ಟುವುದುಂಟು, ತೀರಾ ಅಪರೂಪ.

ಹೆರಿಗೆಯನ್ನು ಕಣ್ಣಾರೆ ಕಂಡವರು ಕಡಿಮೆ. ದಿನ ಹತ್ತಿರ ಬಂದ ಹೆಣ್ಣು ಬೋಟುಗಳ ಓಡಾಟವಿಲ್ಲದ ತೊರೆಯನ್ನೋ ಹಿನ್ನೀರಿನ ಮೂಲೆಯನ್ನೋ ಹುಡುಕಿಕೊಂಡು ಹೋಗುತ್ತದೆ. ಮರಿ ತಲೆ ಮುಂದಾಗಿಯೂ ಬರುತ್ತದೆ, ಬಾಲ ಮುಂದಾಗಿಯೂ ಬರುತ್ತದೆ, ಎರಡನ್ನೂ ನೋಡಿದ ದಾಖಲೆಗಳಿವೆ. ಹುಟ್ಟುವಾಗ ಸುಮಾರು 1.2 ಮೀಟರ್ ಉದ್ದ, 30 ಕಿಲೋ. ಬಣ್ಣ ತಾಯಿಗಿಂತ ಕಪ್ಪು. ಗರ್ಭದಲ್ಲಿ ಮಡಚಿಕೊಂಡಿದ್ದ ಬಾಲದ ಅಂಚು ಇನ್ನೂ ಸುರುಳಿಯಾಗಿರುತ್ತದೆ, ಮೈಮೇಲೆ ಮಡಿಕೆಯ ಗೆರೆಗಳು ಇರುತ್ತವೆ. ಹುಟ್ಟಿದ ಕೂಡಲೇ ಮಾಡಬೇಕಾದ ಕೆಲಸ ಮೇಲೆ ಬಂದು ಉಸಿರೆಳೆಯುವುದು. ತಾಯಿ ಮರಿಯನ್ನು ಬೆನ್ನ ಮೇಲೆ ಹೊತ್ತು ಮೇಲೆತ್ತುತ್ತಾಳೆ ಎಂಬ ಮಾತು ಹಳೆಯ ಬರಹಗಳಲ್ಲಿ ಸಿಗುತ್ತದೆ, ಆದರೆ ಮರಿ ತಾನೇ ಈಜಿ ಮೇಲೆ ಬರಬಲ್ಲದು. ಮೊದಲ ದಿನಗಳಲ್ಲಿ ಅದು ಬಾಲಕ್ಕಿಂತ ಪುಟ್ಟ ಈಜುರೆಕ್ಕೆಗಳನ್ನೇ ಹೆಚ್ಚು ಬಡಿಯುತ್ತದೆ. ಬಾಲದಿಂದ ನೀರು ತಳ್ಳುವ ದೊಡ್ಡವರ ಈಜು ಆಮೇಲೆ ಬರುತ್ತದೆ.

ಈಗ ಹಾಲಿನ ವಿಷಯಕ್ಕೆ ಬರೋಣ. ಬ್ಲೂ ಸ್ಪ್ರಿಂಗ್‌ನಲ್ಲಿ ನೀವು ಹತ್ತಿರದಿಂದ ನೋಡಬಹುದಾದದ್ದು ಇದೇ. ತಾಯಿ ತಳದಲ್ಲಿ ಅಲುಗಾಡದೆ ಮಲಗಿರುತ್ತಾಳೆ. ಮರಿ ಪಕ್ಕದಿಂದ ಬಂದು ಮೂತಿಯನ್ನು ತಾಯಿಯ ಈಜುರೆಕ್ಕೆಯ ಹಿಂದೆ ತೂರಿಸುತ್ತದೆ. ಮೇಲಿನಿಂದ ನೋಡಿದವರಿಗೆ ತಾಯಿಯ ಕಂಕುಳನ್ನು ಮೂಸುತ್ತಿದೆ ಅನ್ನಿಸುತ್ತದೆ. ತಾಯಿ ಆ ಕಡೆಯ ರೆಕ್ಕೆಯನ್ನು ಕೊಂಚ ಮುಂದಕ್ಕೆ ಸರಿಸಿ ಜಾಗ ಬಿಡುತ್ತಾಳೆ. ಮರಿಯ ಮೈ ತಾಯಿಯ ಮೈಗೆ ಸಮನಾಗಿ, ಬಾಲ ಹಿಂದಕ್ಕೆ. ಎರಡು ಮೂರು ನಿಮಿಷ ಹಾಗೇ ಇರುತ್ತದೆ, ಬಾಯಿಯ ಸುತ್ತ ಒಂದು ಸಣ್ಣ ಮಿಡಿತ ಬಿಟ್ಟರೆ ಏನೂ ಅಲುಗದು. ಆಮೇಲೆ ಬಿಟ್ಟು ಮೇಲೆ ಬರುತ್ತದೆ, ಎರಡು ಮೂಗಿನ ಹೊಳ್ಳೆ ತೆರೆದು ಉಸಿರು ತೆಗೆದುಕೊಂಡು ಮತ್ತೆ ಕೆಳಗೆ, ಮತ್ತೆ ಅದೇ ಕಂಕುಳಿಗೆ ಇಲ್ಲವೇ ಆ ಕಡೆಯದಕ್ಕೆ. ಮಲಗಿದ ದೊಡ್ಡ ಮ್ಯಾನಟಿ ಒಂದೇ ಉಸಿರಿನಲ್ಲಿ ಇಪ್ಪತ್ತು ನಿಮಿಷದವರೆಗೂ ನೀರಡಿ ಇರಬಲ್ಲದು. ಮರಿಗೆ ಅಷ್ಟು ಹೊತ್ತು ಆಗುವುದಿಲ್ಲ, ಅದರ ಮೇಲೆ-ಕೆಳಗೆ ಓಡಾಟ ನಡೆಯುತ್ತಲೇ ಇರುತ್ತದೆ. ಮರಿಯನ್ನು ಗುರುತಿಸುವ ಸುಲಭದ ದಾರಿಯೇ ಅದು.

ಈಜುವಾಗಲೂ ಮರಿಯ ಜಾಗ ಗೊತ್ತುಮಾಡಿದ್ದು: ತಾಯಿಯ ಪಕ್ಕ, ಈಜುರೆಕ್ಕೆಯ ಸ್ವಲ್ಪ ಹಿಂದೆ. ಅಲ್ಲಿ ತಾಯಿಯ ಮೈ ಸೀಳಿದ ನೀರಿನಲ್ಲಿ ಮರಿಗೆ ಈಜುವ ಶ್ರಮ ಕಡಿಮೆ, ಹಾಲಿನ ತೊಟ್ಟೂ ಹತ್ತಿರ.

ಹಾಲಿನಲ್ಲಿ ಕೊಬ್ಬು, ಪ್ರೋಟೀನು ಹಸುವಿನ ಹಾಲಿಗಿಂತ ಬಹಳ ಹೆಚ್ಚು. ಆದರೆ ಪರೀಕ್ಷೆ ಮಾಡಿದ ಫ್ಲಾರಿಡಾ ಮ್ಯಾನಟಿಯ ಹಾಲಿನಲ್ಲಿ ಲ್ಯಾಕ್ಟೋಸ್ ಎಂಬ ಹಾಲುಸಕ್ಕರೆ ಸಿಕ್ಕಿಲ್ಲ. ಹಾಗಾಗಿ ಅನಾಥ ಮರಿ ಸಿಕ್ಕಿದಾಗ ಅಂಗಡಿಯ ಹಸುವಿನ ಹಾಲು ಕುಡಿಸಿದರೆ ಅದರ ಹೊಟ್ಟೆ ಕೆಡುತ್ತದೆ. ನಮ್ಮ ಸಭೆಯಲ್ಲೇ ಅಂಥ ಹೊಟ್ಟೆಯವರು ಕೆಲವರಿದ್ದಾರೆ, ಅವರು ತಲೆಯಾಡಿಸುತ್ತಿರುವುದು ಕಾಣಿಸುತ್ತಿದೆ. ಸೀವರ್ಲ್ಡ್ ಆರ್ಲ್ಯಾಂಡೊ, ಝೂ ಟ್ಯಾಂಪಾದಂಥ ಆರೈಕೆ ಕೇಂದ್ರಗಳಲ್ಲಿ ಲ್ಯಾಕ್ಟೋಸ್ ಇಲ್ಲದ, ಎಣ್ಣೆ ಬೆರೆಸಿದ ವಿಶೇಷ ಹಾಲನ್ನು ಹಗಲು ರಾತ್ರಿ ಕೆಲವು ಗಂಟೆಗೊಮ್ಮೆ ಬಾಟಲಿಯಲ್ಲಿ ಕೊಡುತ್ತಾರೆ. ಸಿಬ್ಬಂದಿ ತೊಟ್ಟಿಯಲ್ಲಿ ಎದೆಮಟ್ಟ ನಿಂತು, ಬಾಟಲಿಯನ್ನು ತಮ್ಮ ಕಂಕುಳ ಹತ್ತಿರ ಹಿಡಿದು ಕುಡಿಸುವುದೂ ಉಂಟು. ಮರಿ ಹುಡುಕುವುದು ಅಲ್ಲೇ ತಾನೆ.

ಹುಲ್ಲು ಕಡಿಯಲು ಮರಿ ಬಹಳ ದಿನ ಕಾಯುವುದಿಲ್ಲ. ಹುಟ್ಟುವಾಗಲೇ ದವಡೆಯಲ್ಲಿ ಹಲ್ಲುಗಳಿರುತ್ತವೆ, ಕೆಲವೇ ವಾರಗಳಲ್ಲಿ ತಾಯಿ ಮೇಯುವುದನ್ನು ನೋಡಿ ಅದೂ ಬಾಯಿ ಹಾಕುತ್ತದೆ. ಮ್ಯಾನಟಿಯ ಹಲ್ಲಿನ ಕಥೆ ವಿಚಿತ್ರ. ಸವೆದ ಹಲ್ಲು ಮುಂದಿನಿಂದ ಉದುರುತ್ತಾ, ಹೊಸದು ಹಿಂದಿನಿಂದ ಹುಟ್ಟಿ ಮುಂದಕ್ಕೆ ಸರಿಯುತ್ತಾ ಇರುತ್ತದೆ, ಸಾಯುವವರೆಗೂ. ಆದರೂ ಮರಿ ಹಾಲು ಬಿಡುವುದಿಲ್ಲ. ಒಂದು ವರ್ಷ, ಎಷ್ಟೋ ಸಲ ಎರಡು ವರ್ಷ ತಾಯಿಯ ಜೊತೆಗೇ. ಹುಲ್ಲು ತಿಂದು ಬದುಕಬಲ್ಲ ಮರಿ ಇಷ್ಟು ದಿನ ತಾಯಿಯ ಮಗ್ಗುಲು ಬಿಡದಿರುವುದು ಹೊಟ್ಟೆಗಾಗಿ ಅಲ್ಲ ಎಂಬುದು ನನ್ನ ತಿಳಿವಳಿಕೆ.

ಮತ್ತೆ ಯಾತಕ್ಕಾಗಿ ಎಂದು ಹೇಳುವ ಮುಂಚೆ ಅವುಗಳ ಮಾತಿನ ಬಗ್ಗೆ ಒಂದಿಷ್ಟು. ಮ್ಯಾನಟಿಗಳಿಗೆ ಕಣ್ಣು ಅಷ್ಟು ಚುರುಕಲ್ಲ, ನದಿಯ ನೀರು ಕದಡಿದ್ದರೆ ತಾಯಿಗೆ ಮರಿ ಎರಡಾಳು ದೂರದಲ್ಲೂ ಕಾಣದು. ಹಾಗಾಗಿ ದನಿಯೇ ಆಸರೆ. ಕೀಚ್ ಎನ್ನುವ ಸಣ್ಣ ದನಿ. ಮರಿಯದು ಇನ್ನೂ ಕೀಚಲು. ಮರಿ ಕೂಗುತ್ತದೆ, ತಾಯಿ ಓಗೊಡುತ್ತಾಳೆ, ಮತ್ತೆ ಮರಿ. ತಾಯಿ-ಮರಿಗಳ ನಡುವೆ ಇರುವಷ್ಟು ಮಾತು ಬೇರೆ ಮ್ಯಾನಟಿಗಳ ನಡುವೆ ಇಲ್ಲ. ನೀರಡಿಯ ಮೈಕಿನಲ್ಲಿ ಕೇಳಿದರೆ ಈ ದೊಡ್ಡ ಪ್ರಾಣಿಗಳಿಂದ ಇಷ್ಟು ತೆಳುವಾದ ದನಿಯೇ ಎಂದು ಆಶ್ಚರ್ಯವಾಗುತ್ತದೆ. ಹೊಳೆಯಲ್ಲಿ ಬೋಟುಗಳ ಸದ್ದು ಏರಿದಾಗ ಈ ಮಾತುಕತೆಗೆ ಅಡ್ಡಿಯಾಗುತ್ತದೆ.

ಈಗ ದಾರಿ. ಅಷ್ಟು ದೊಡ್ಡ ಮೈ ನೋಡಿ ಚಳಿ ತಡೆಯುತ್ತದೆ ಎಂದುಕೊಳ್ಳಬೇಡಿ. ತಿಮಿಂಗಿಲಕ್ಕಿರುವಂಥ ಕೊಬ್ಬಿನ ಹೊದಿಕೆ ಇದಕ್ಕಿಲ್ಲ, ಮೈಯೊಳಗೆ ಕಾವು ಹುಟ್ಟುವುದೂ ಬಹಳ ನಿಧಾನ. ನೀರು 20 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗಿಳಿದು ಹಾಗೇ ನಿಂತರೆ ಮ್ಯಾನಟಿ ಮೇವು ಬಿಡುತ್ತದೆ, ಚರ್ಮದಲ್ಲಿ ಬಿಳಿ ಹುಣ್ಣು ಏಳುತ್ತದೆ, ರೋಗ ತಡೆಯುವ ಶಕ್ತಿ ಕುಂದುತ್ತದೆ, ಸಾಯುತ್ತದೆ. ಮೊದಲು ಸಾಯುವುದು ಮರಿಗಳು ಮತ್ತು ಈಗಷ್ಟೇ ತಾಯಿಯನ್ನು ಬಿಟ್ಟ ಎಳೆಯವು. 2010ರ ಜನವರಿಯ ಚಳಿಯಲ್ಲಿ ಫ್ಲಾರಿಡಾದಲ್ಲಿ ಹೀಗೆ ಸತ್ತವು ನೂರಾರು.

ಹಾಗಾಗಿ ನವೆಂಬರ್ ಬಂತೆಂದರೆ ಇವು ನೆಲದೊಳಗಿಂದ ಉಕ್ಕುವ ಚಿಲುಮೆಗಳ ಕಡೆ ಹೊರಡುತ್ತವೆ. ಬ್ಲೂ ಸ್ಪ್ರಿಂಗ್‌ನ ನೀರು ವರ್ಷವಿಡೀ ಸುಮಾರು 22 ಡಿಗ್ರಿ. ನಮ್ಮ ಊರಿನ ಬಚ್ಚಲು ಹಂಡೆಯಲ್ಲಿ ಬಾಣಂತಿಗೆ ಕಾಯಿಸುವ ನೀರಿನ ಮುಂದೆ ಇದೇನು ಬಿಸಿನೀರೇ ಅಲ್ಲ, ಕೈ ಅದ್ದಿದರೆ ತಣ್ಣಗೇ ಅನ್ನಿಸುತ್ತದೆ. ಮ್ಯಾನಟಿಗೆ ಮಾತ್ರ ಆ ಎರಡು ಮೂರು ಡಿಗ್ರಿಯಲ್ಲೇ ಸಾವು ಬದುಕು. ಆದರೆ ಆ ಚಿಲುಮೆಯಲ್ಲಿ ಹುಲ್ಲಿಲ್ಲ. ಮೇಯಲು ಸೇಂಟ್ ಜಾನ್ಸ್ ನದಿಗೇ ಹೋಗಬೇಕು, ಅಲ್ಲಿ ಚಳಿ. ಯಾವ ಹೊತ್ತಿಗೆ ಹೋಗಬೇಕು, ಎಷ್ಟು ದೂರ ಹೋದರೆ ಹುಲ್ಲು ಸಿಗುತ್ತದೆ, ಮೈ ತಣ್ಣಗಾಗುವ ಮುಂಚೆ ಯಾವಾಗ ಹಿಂದಿರುಗಬೇಕು, ತೀರಾ ಚಳಿಯಿದ್ದ ದಿನ ಹೊಟ್ಟೆ ಕಟ್ಟಿಕೊಂಡು ಇಲ್ಲೇ ಇರಬೇಕೇ? ಇದೆಲ್ಲ ಮರಿಗೆ ಗೊತ್ತಾಗುವುದು ತಾಯಿಯ ಮಗ್ಗುಲಲ್ಲಿ ಹೋಗಿ ಬಂದು. ಒಂದು ಚಳಿಗಾಲ ನೋಡುತ್ತದೆ, ಎರಡನೆಯದನ್ನೂ ಕೆಲವು ನೋಡುತ್ತವೆ. ಆಮೇಲೆ ಸ್ವಂತವಾಗಿ ಅದೇ ಜಾಗಗಳಿಗೆ ವರ್ಷ ವರ್ಷವೂ ಬರುತ್ತದೆ. ಉಪಗ್ರಹದ ಟ್ಯಾಗ್ ಕಟ್ಟಿ ಹಿಂಬಾಲಿಸಿದಾಗ ಇದು ಚೆನ್ನಾಗಿ ಕಂಡುಬಂದಿದೆ: ಒಂದೊಂದು ಮ್ಯಾನಟಿಗೂ ತನ್ನದೇ ಬೇಸಿಗೆಯ ಊರು, ಚಳಿಗಾಲದ ಊರು, ನಡುವಿನ ತಂಗುದಾಣಗಳಿವೆ, ಅವು ಬಹುಪಾಲು ತಾಯಿಯಿಂದ ಬಂದವು.

ಬ್ಲೂ ಸ್ಪ್ರಿಂಗ್‌ನಲ್ಲಿ ಪಾರ್ಕ್ ರೇಂಜರ್ ಆಗಿದ್ದ ವೇಯ್ನ್ ಹಾರ್ಟ್ಲಿ ದಶಕಗಳ ಕಾಲ ಚಳಿಗಾಲದ ಬೆಳಗ್ಗೆ ದೋಣಿಯಲ್ಲಿ ಹೋಗಿ ಹಾಜರಿ ತೆಗೆದುಕೊಂಡರು. ಮ್ಯಾನಟಿಗಳನ್ನು ಗುರುತಿಸುವುದು ಹೇಗೆ ಗೊತ್ತೇ? ಬೆನ್ನಿನ ಮೇಲಿನ ಗಾಯದ ಕಲೆಗಳಿಂದ. ಬೋಟಿನ ಪ್ರೊಪೆಲ್ಲರ್ ಕೊಯ್ದ ಗೆರೆಗಳು, ಬಾಲದಲ್ಲಿ ಹಾರಿಹೋದ ತುಂಡು. ಆ ಗುರುತುಗಳ ಚಿತ್ರ ಬರೆದಿಟ್ಟುಕೊಂಡು, ಯಾವ ತಾಯಿ ಈ ವರ್ಷ ಮರಿಯೊಂದಿಗೆ ಬಂದಳು, ಹೋದ ಸಲದ ಮರಿ ತಾನಾಗಿ ಬಂತೇ ಎಂದು ಬರೆಯುತ್ತಾ ಹೋದರು. ಒಂದು ಕಾಡುಪ್ರಾಣಿಯ ವಂಶಾವಳಿ ನಮಗೆ ಸಿಕ್ಕಿದ್ದು ನಮ್ಮದೇ ಬೋಟುಗಳು ಮಾಡಿದ ಗಾಯಗಳ ಮೂಲಕ. ನನಗೆ ಇದನ್ನು ಹೇಳುವಾಗ ಪ್ರತಿ ಸಲವೂ ಒಂದು ತರಹ ಆಗುತ್ತದೆ.

ತಾಯಿ ದಾರಿ ತೋರಿಸದಿದ್ದರೆ ಏನಾಗುತ್ತದೆ ಎಂಬುದಕ್ಕೆ ಸ್ನೂಟಿಯ ಕಥೆ ಇದೆ. 1948ರ ಜುಲೈ 21ರಂದು ಮಯಾಮಿಯ ಒಂದು ಅಕ್ವೇರಿಯಮ್‌ನಲ್ಲಿ ಹುಟ್ಟಿದ ಗಂಡು, ಮನುಷ್ಯರ ಆಶ್ರಯದಲ್ಲಿ ಹುಟ್ಟಿದ್ದಾಗಿ ದಾಖಲಾದ ಮೊದಲ ಮ್ಯಾನಟಿ. ಮರುವರ್ಷ ಬ್ರೇಡೆಂಟನ್‌ಗೆ ಕಳಿಸಿದರು, ಅಲ್ಲಿನ ಮ್ಯೂಸಿಯಮ್ಮಿನ ತೊಟ್ಟಿಯಲ್ಲಿ ಬೆಳೆಯಿತು. ತಲೆಮಾರುಗಳ ಶಾಲಾ ಮಕ್ಕಳು ಅದನ್ನು ನೋಡಿ ಬೆಳೆದರು. ಮನುಷ್ಯರ ಕೈಯಲ್ಲೇ ಬೆಳೆದದ್ದರಿಂದ ಹೊರಗೆ ಬಿಡಲಾಗಲಿಲ್ಲ. 69 ತುಂಬಿದ ಎರಡೇ ದಿನಕ್ಕೆ, 2017ರ ಜುಲೈ 23ರಂದು, ನೀರಡಿಯ ಬಾಗಿಲೊಂದರೊಳಗೆ ಸಿಕ್ಕಿಕೊಂಡು ಸತ್ತಿತು. ಮ್ಯಾನಟಿ ಅಷ್ಟು ವರ್ಷ ಬದುಕಬಲ್ಲದು ಎಂದು ಲೋಕಕ್ಕೆ ತೋರಿಸಿದ್ದೇ ಅದು.

ಈಗಿನ ಕೇಂದ್ರಗಳು ಅನಾಥ ಮರಿಗಳನ್ನು ಬೆಳೆಸಿ ವಾಪಸ್ ಬಿಡುತ್ತವೆ. ಬಿಡುವ ರೀತಿ ನೋಡಿ: ಬೆಚ್ಚಗಿನ ಬೇಸಿಗೆ ಬಿಟ್ಟು, ಚಳಿಗಾಲದಲ್ಲಿ, ಬೇರೆ ಮ್ಯಾನಟಿಗಳು ಸೇರಿರುವ ಚಿಲುಮೆಗೇ ತಂದು ಬಿಡುತ್ತಾರೆ. ಬಿಸಿನೀರಿರುವುದು ಇಲ್ಲಿ ಎಂದು ಮೊದಲ ದಿನವೇ ಗೊತ್ತಾಗಲಿ, ದೊಡ್ಡವರು ಮೇಯಲು ಹೊರಟಾಗ ಹಿಂದೆ ಹೋಗಲಿ ಎಂದು. ಬಾಲದ ಬುಡಕ್ಕೆ ಬೆಲ್ಟ್ ಕಟ್ಟಿ, ಅದಕ್ಕೊಂದು ತೇಲುವ ಟ್ರಾನ್ಸ್‌ಮಿಟರ್ ಜೋಡಿಸಿ ತಿಂಗಳುಗಟ್ಟಲೆ ಕಾವಲು ಕಾಯುತ್ತಾರೆ. ಕೆಲವು ದಾರಿ ತಪ್ಪುತ್ತವೆ, ಮತ್ತೆ ಹಿಡಿದು ತರಬೇಕಾಗುತ್ತದೆ. ಕೆಲವು ಕಲಿತುಕೊಳ್ಳುತ್ತವೆ. ಆನಿ ಎಂದು ಹೆಸರಿಟ್ಟಿದ್ದ ಅನಾಥ ಹೆಣ್ಣುಮರಿಯನ್ನು ಹೀಗೆ ಬ್ಲೂ ಸ್ಪ್ರಿಂಗ್‌ನಲ್ಲಿ ಬಿಟ್ಟಿದ್ದರು. ಆಮೇಲಿನ ಒಂದು ಚಳಿಗಾಲ ಅದು ತನ್ನದೇ ಮರಿಯನ್ನು ಕರೆದುಕೊಂಡು ಬಂತು.

ಅನಾಥವಾದ ಮರಿಗೆ ಬೇರೆ ಹೆಣ್ಣು ಹಾಲು ಕೊಡುವುದನ್ನೂ ಕಂಡಿದ್ದಾರೆ, ಕಾಡಿನಲ್ಲೂ ತೊಟ್ಟಿಯಲ್ಲೂ. ಅದನ್ನು ನಂಬಿ ಕೂರುವಂತಿಲ್ಲ, ಆದರೆ ಉಂಟು.

ಈ ದಾರಿಯ ಪಾಠದಲ್ಲಿ ನಾವು ಮನುಷ್ಯರು ಒಂದು ಎಡವಟ್ಟನ್ನೂ ಸೇರಿಸಿದ್ದೇವೆ. ಕಳೆದ ಶತಮಾನದ ನಡುವಿನಿಂದ ಕರಾವಳಿಯಲ್ಲಿ ಕಟ್ಟಿದ ವಿದ್ಯುತ್ ಸ್ಥಾವರಗಳು ಯಂತ್ರಗಳನ್ನು ತಂಪು ಮಾಡಿ ತಾನು ಬೆಚ್ಚಗಾದ ನೀರನ್ನು ಹೊರಗೆ ಬಿಡತೊಡಗಿದವು. ತಾಯಂದಿರು ಅವನ್ನು ಕಂಡುಕೊಂಡರು, ಮರಿಗಳಿಗೆ ತೋರಿಸಿದರು, ಆ ಮರಿಗಳು ತಮ್ಮ ಮರಿಗಳಿಗೆ. ಈಗ ಚಳಿಗಾಲದಲ್ಲಿ ಫ್ಲಾರಿಡಾದ ಅರ್ಧಕ್ಕಿಂತ ಹೆಚ್ಚು ಮ್ಯಾನಟಿಗಳು ಸ್ಥಾವರಗಳನ್ನೇ ನಂಬಿವೆ. ಕೇಪ್ ಕೆನವೆರಲ್‌ನ ಹಳೆಯ ಸ್ಥಾವರವನ್ನು 2010ರಲ್ಲಿ ಕೆಡವಿದಾಗ, ಹೊಸದು ಏಳುವವರೆಗೆ ಕಂಪನಿ ಮ್ಯಾನಟಿಗಳಿಗೆಂದೇ ನೀರು ಕಾಯಿಸುವ ಯಂತ್ರ ಇಡಬೇಕಾಯಿತು. ಹಳೆಯ ಸ್ಥಾವರಗಳು ಒಂದೊಂದಾಗಿ ಮುಚ್ಚುವ ಕಾಲ ಬರುತ್ತದೆ. ಆಗ ಮೂರು ತಲೆಮಾರಿನಿಂದ ಕಲಿತ ದಾರಿಯ ಕೊನೆಯಲ್ಲಿ ತಣ್ಣೀರು ಇರುತ್ತದೆ. ಇಲ್ಲಿ ಕೂತವರಲ್ಲಿ ವಿದ್ಯುತ್ ಕಂಪನಿಗಳಲ್ಲಿ ಕೆಲಸ ಮಾಡುವವರೂ ಇದ್ದೀರಿ, ಈ ಮಾತು ನಿಮಗೆ ಹೊಸತಲ್ಲ.

ಇನ್ನು ಲೆಕ್ಕ. ಹೆಣ್ಣು ಮೂರರಿಂದ ಐದು ವರ್ಷಕ್ಕೆ ಪ್ರಾಯಕ್ಕೆ ಬರುತ್ತದೆ. ಆರನೆಯ ವರ್ಷಕ್ಕೆ ಮೊದಲ ಮರಿ ಎಂದುಕೊಳ್ಳಿ. ಒಂದು ವರ್ಷ ಬಸಿರು, ಒಂದೆರಡು ವರ್ಷ ಬಾಣಂತನ, ಹೀಗಾಗಿ ಎರಡು ಮರಿಗಳ ನಡುವೆ ಎರಡೂವರೆಯಿಂದ ಮೂರು ವರ್ಷ ಅಂತರ. ಎಲ್ಲವೂ ಸರಿಯಾಗಿ ನಡೆದರೆ ಇಪ್ಪತ್ತು ತುಂಬುವ ಹೊತ್ತಿಗೆ ಐದು ಮರಿ. ಅವುಗಳಲ್ಲಿ ಕೆಲವು ಹುಟ್ಟಿದ ಹೊಸದರಲ್ಲೇ ಸಾಯುತ್ತವೆ; 150 ಸೆಂಟಿಮೀಟರಿಗಿಂತ ಚಿಕ್ಕ ಮರಿಗಳ ಸಾವಿಗೆ ಇಲಾಖೆಯ ಪಟ್ಟಿಯಲ್ಲಿ ಬೇರೆಯೇ ಒಂದು ಕಲಮು ಇದೆ. ಹೀಗಿರುವಾಗ ಸಂಖ್ಯೆ ಏರುತ್ತದೋ ಇಳಿಯುತ್ತದೋ ಎಂಬುದು ವರ್ಷಕ್ಕೆ ಎಷ್ಟು ಹುಟ್ಟಿದವು ಎಂಬುದಕ್ಕಿಂತ, ಬೆಳೆದ ಹೆಣ್ಣುಗಳು ಎಷ್ಟು ವರ್ಷ ಬದುಕಿದವು ಎಂಬುದರ ಮೇಲೆ ನಿಂತಿದೆ. ಬೋಟು ಬಡಿದು ಒಂದು ಹತ್ತು ವರ್ಷದ ತಾಯಿ ಸತ್ತರೆ ಹೋದದ್ದು ಒಂದು ಪ್ರಾಣಿ, ಮಗ್ಗುಲಲ್ಲಿದ್ದ ಮರಿ, ಮುಂದಿನ ನಾಲ್ಕಾರು ಮರಿಗಳು, ಜೊತೆಗೆ ಒಂದು ದಾರಿ. 2021–22ರ ಸಮೀಕ್ಷೆಯ ಅಂದಾಜಿನಲ್ಲಿ ಫ್ಲಾರಿಡಾದಲ್ಲಿ ಇದ್ದವು 8,350ರಿಂದ 11,730.

ಹಸಿವಿನ ಕಥೆಯನ್ನು ನೀವು ಪತ್ರಿಕೆಗಳಲ್ಲಿ ಓದಿರುತ್ತೀರಿ. ಫ್ಲಾರಿಡಾದ ಪೂರ್ವ ಕರಾವಳಿಯ ಹಿನ್ನೀರಾದ ಇಂಡಿಯನ್ ರಿವರ್ ಲಗೂನ್‌ಗೆ ವರ್ಷಾನುಗಟ್ಟಲೆ ಸೇರಿದ ಗೊಬ್ಬರ, ಶೌಚದ ಗುಂಡಿಗಳ ನೀರು ಪಾಚಿಯನ್ನು ಬೆಳೆಸಿತು, ಪಾಚಿ ಬಿಸಿಲನ್ನು ತಡೆಯಿತು, ಅರ್ಧಕ್ಕಿಂತ ಹೆಚ್ಚು ಕಡಲಹುಲ್ಲು ಸತ್ತಿತು. 2021ರಲ್ಲಿ ರಾಜ್ಯದಲ್ಲಿ ಸುಮಾರು 1,100 ಮ್ಯಾನಟಿಗಳು ಸತ್ತವು, ಅದುವರೆಗಿನ ದಾಖಲೆ. ಅವು ಸತ್ತ ಜಾಗದಲ್ಲಿ ಬಿಸಿನೀರು ಇತ್ತು, ಮೇವು ಇರಲಿಲ್ಲ. ಚಳಿಯಲ್ಲಿ ಬಿಸಿನೀರು ಬಿಡುವಂತಿಲ್ಲ, ಹಸಿದು ಅಲ್ಲೇ ಉಳಿದವು, ಕಲಿತದ್ದು ಹಾಗೆ. ಮರುಚಳಿಗಾಲದಲ್ಲಿ ಕೇಪ್ ಕೆನವೆರಲ್ ಸ್ಥಾವರದ ಬಳಿ ಸರ್ಕಾರವೇ ಲೆಟ್ಯೂಸ್ ಸೊಪ್ಪು ಸುರಿಯಿತು, ಒಂದೇ ಋತುವಿನಲ್ಲಿ 90 ಟನ್ನಿಗೂ ಮೇಲೆ. ಹೊಟ್ಟೆಗಿಲ್ಲದ ಹೆಣ್ಣು ಗಬ್ಬ ನಿಲ್ಲುವುದು ಕಷ್ಟ, ನಿಂತರೂ ಹಾಲು ಇಳಿಯುವುದು ಕಷ್ಟ.

"ನಮ್ಮ ಕಡೆ ಇದೆಯಾ ಇದು?" ಎಂದು ಕೇಳಿದರು ಹಿಂದಿನಿಂದ ಒಬ್ಬರು. ಮ್ಯಾನಟಿ ಇಲ್ಲ, ಅದರ ದಾಯಾದಿ ಡುಗಾಂಗ್ ಇದೆ. ಕರ್ನಾಟಕದ ಕರಾವಳಿಯಲ್ಲಿ ಅಲ್ಲ; ತಮಿಳುನಾಡಿನ ಪಾಕ್ ಕೊಲ್ಲಿ, ಮನ್ನಾರ್ ಕೊಲ್ಲಿ, ಕಛ್ ಕೊಲ್ಲಿ, ಅಂಡಮಾನ್‌ನಲ್ಲಿ. ಅದು ಪೂರ್ತಿ ಕಡಲಿನ ಪ್ರಾಣಿ, ಸಂತಾನದಲ್ಲಿ ಇನ್ನೂ ನಿಧಾನ: ಮರಿಗಳ ನಡುವಿನ ಅಂತರ ಏಳು ವರ್ಷದವರೆಗೂ ಹೋಗಬಹುದು. 2022ರಲ್ಲಿ ತಮಿಳುನಾಡು ಪಾಕ್ ಕೊಲ್ಲಿಯ 448 ಚದರ ಕಿಲೋಮೀಟರನ್ನು ಅದಕ್ಕಾಗಿ ಮೀಸಲು ಎಂದು ಘೋಷಿಸಿತು. ಅಮೆಜಾನ್‌ನ ಮ್ಯಾನಟಿಯ ಬಗ್ಗೆಯೂ ಒಂದು ಮಾತು. ಅಲ್ಲಿ ಚಳಿಯ ತೊಂದರೆಯಿಲ್ಲ, ಅಲ್ಲಿನ ಪಂಚಾಂಗ ನೆರೆಯದ್ದು. ನದಿ ಏರಿ ಕಾಡಿನೊಳಗೆ ನುಗ್ಗಿ ಮೇವು ಹಬ್ಬುವ ಕಾಲಕ್ಕೆ ಹೆಚ್ಚಿನ ಮರಿಗಳು ಹುಟ್ಟುತ್ತವೆ.

ಕೊನೆಯ ಪ್ರಶ್ನೆ ಕೇಳಿದ್ದು ಒಬ್ಬ ಹುಡುಗ. "ಅಂಕಲ್, ನಮ್ಮ ಮನೆ ಹಿಂದಿನ ಕೆನಾಲಲ್ಲಿ ಮರಿ ಒಂದೇ ಸಿಕ್ಕಿದ್ರೆ ಏನು ಮಾಡೋದು?" ಒಳ್ಳೆಯ ಪ್ರಶ್ನೆ ಪುಟ್ಟಾ. ನೀರಿಗಿಳಿಯಬೇಡ, ಮುಟ್ಟಬೇಡ. ತಾಯಿ ಕೆಳಗೆ ಮಲಗಿರಬಹುದು, ಹತ್ತಿಪ್ಪತ್ತು ನಿಮಿಷ ಸುಮ್ಮನೆ ನೋಡು. ದೊಡ್ಡದು ಯಾವುದೂ ಉಸಿರಿಗೆ ಮೇಲೆ ಬರಲೇ ಇಲ್ಲ ಅಂದರೆ, ಮನೆಯವರಿಗೆ ಹೇಳಿ ರಾಜ್ಯದ ವನ್ಯಜೀವಿ ಸಹಾಯವಾಣಿಗೆ ಫೋನ್ ಮಾಡಿಸು. ಮರಿ ಎಷ್ಟು ಉದ್ದ, ಎಲ್ಲಿದೆ, ಹೇಗೆ ಉಸಿರಾಡುತ್ತಿದೆ ಎಂದು ಹೇಳಿದರೆ ಸಾಕು, ಹಿಡಿಯುವವರು ಬರುತ್ತಾರೆ. ಇನ್ನೊಂದು, ಇದು ದೊಡ್ಡವರಿಗೂ: ಡಾಕ್ ಮೇಲೆ ನಿಂತು ಪೈಪಿನಲ್ಲಿ ನೀರು ಕುಡಿಸುವುದು, ಲೆಟ್ಯೂಸ್ ಎಸೆಯುವುದು ಬೇಡ. ಕಾನೂನು ಒಪ್ಪುವುದಿಲ್ಲ, ಆ ಲೆಟ್ಯೂಸ್ ಸುರಿದದ್ದು ಸರ್ಕಾರದ ವಿಶೇಷ ಅನುಮತಿಯಲ್ಲಿ. ಇವತ್ತು ತಾಯಿ ನಿಮ್ಮ ಡಾಕ್‌ಗೆ ಬಂದು ನೀರು ಕುಡಿದರೆ ಮಗ್ಗುಲಲ್ಲಿರುವ ಮರಿಯೂ ಡಾಕ್‌ಗಳ ಹತ್ತಿರ ಸುಳಿಯುವುದನ್ನು ಕಲಿಯುತ್ತದೆ, ಬೋಟುಗಳು ಬಂದು ನಿಲ್ಲುವುದೂ ಅಲ್ಲೇ.